ಒಂದೇ ಚಿತ್ರ, ಎರಡು ಸಾಲು: ಇಂಡಿ–ಮುದ್ದೇಬಿಹಾಳ ಸೀಮೆಗೆ ದ್ವಿಭಾಷಾ ಚಿತ್ರಪುಸ್ತಕ ಬಂದ ಬಗೆ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ ಮಕ್ಕಳ ಸಾಹಿತ್ಯ ಮೊದಲು ಬೆಳೆದದ್ದು ಹಾಡಾಗಿ. ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು 1930ರ ದಶಕದಲ್ಲಿ ಅಚ್ಚಿಗೆ ತಂದ ಹೆಣ್ಣುಮಕ್ಕಳ ತ್ರಿಪದಿಗಳಲ್ಲಿ ಕೂಸಿನ ಹಾಡುಗಳೂ ಇದ್ದವು. ಮುಂದೆ ಶಂ. ಗು. ಬಿರಾದಾರ, ಶಿಶು ಸಂಗಮೇಶ, ಕಂಚ್ಯಾಣಿ ಶರಣಪ್ಪ, ಸಿಂದಗಿಯ ಹ. ಮ. ಪೂಜಾರ ಅವರಂಥವರಿಂದ ಜಿಲ್ಲೆ ಶಿಶುಗೀತೆಯ ತವರಾಯಿತು. ಬಣ್ಣದ ಚಿತ್ರಪುಸ್ತಕ ಮಾತ್ರ ಹೊರಗಿನಿಂದಲೇ ಬರಬೇಕಾಯಿತು.

ಎರಡು ಭಾಷೆಯ ಬಾಲ್ಯ ಇಲ್ಲಿಗೆ ಹೊಸದಲ್ಲ. ಮುಂಬಯಿ ಪ್ರಾಂತದ ಕಾಲದಲ್ಲಿ ಶಾಲೆ, ಕಚೇರಿಗಳ ಮೇಲೆ ಮರಾಠಿಯ ಹಿಡಿತ ಬಿಗಿಯಾಗಿತ್ತು. ಶಿಕ್ಷಣಾಧಿಕಾರಿ ಡೆಪ್ಯುಟಿ ಚನ್ನಬಸಪ್ಪನವರ ಪೀಳಿಗೆ ಅದನ್ನು ಸಡಿಲಿಸಿ ಕನ್ನಡ ಶಾಲೆಗಳನ್ನು ಕಟ್ಟಿತು. 1956ರ ರಾಜ್ಯ ಪುನರ್ವಿಂಗಡಣೆಯ ಗಡಿರೇಖೆಯ ಆಚೆ, ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆಗಳಲ್ಲಿ ಕನ್ನಡ ಶಾಲೆಗಳು ಉಳಿದವು. ಅವುಗಳ ಕನ್ನಡ ಪಠ್ಯವನ್ನು ಇಂದಿಗೂ ಪುಣೆಯ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಅಚ್ಚು ಹಾಕುತ್ತದೆ. ಗಡಿಯ ಈಚೆಯ ನಾಲ್ಕೂ ತಾಲ್ಲೂಕುಗಳಲ್ಲಿ ಲಂಬಾಣಿ ತಾಂಡಾಗಳಿವೆ, ಉರ್ದು ಮನೆಗಳಿವೆ. ಹೀಗಿದ್ದೂ ಮಗುವಿನ ಕೈಗೆ ಬಂದ ದ್ವಿಭಾಷಾ ಪುಸ್ತಕ ಹೆಚ್ಚಾಗಿ ಕನ್ನಡ–ಇಂಗ್ಲಿಷಿನದೇ. ಏಕೆ?

ಇಂಗ್ಲಿಷಿನ ಬೇಡಿಕೆ ಒಂದು ಕಾರಣ. ಕರ್ನಾಟಕದಲ್ಲಿ 2007-08ರಿಂದ ಅದು ಒಂದನೇ ತರಗತಿಗೇ ಬಂತು. ಆದರೆ ಇನ್ನೊಂದು ಕಾರಣ ಅಚ್ಚುಕೂಟದಲ್ಲಿದೆ, ಅದನ್ನು ನಮ್ಮ ವಿಮರ್ಶೆ ಅಷ್ಟಾಗಿ ಗಮನಿಸಿಲ್ಲ. ನಾಲ್ಕು ಬಣ್ಣದ ಮುದ್ರಣದಲ್ಲಿ ಅಕ್ಷರ ಕೂರುವುದು ಕಪ್ಪು ಪ್ಲೇಟಿನ ಮೇಲೆ. ಭಾಷೆ ಬದಲಿಸಲು ಅದೊಂದನ್ನು ಬದಲಿಸಿದರೆ ಸಾಕು, ಉಳಿದ ಮೂರರ ಖರ್ಚು ಎಲ್ಲ ಆವೃತ್ತಿಗಳಿಗೂ ಹಂಚಿಹೋಗುತ್ತದೆ. ಒಂದೇ ಚಿತ್ರಕ್ಕೆ ಹಲವು ಭಾಷೆ ಎಂಬ ದಾರಿಯನ್ನು 1957ರಲ್ಲಿ ಹುಟ್ಟಿದ ನ್ಯಾಷನಲ್ ಬುಕ್ ಟ್ರಸ್ಟ್ ತನ್ನ ನೆಹರೂ ಬಾಲ ಪುಸ್ತಕಾಲಯದ ಮೂಲಕ ತುಳಿಯಿತು. 1996ರಲ್ಲಿ ಶುರುವಾದ ಚೆನ್ನೈನ ತೂಲಿಕಾ ಅದೇ ಪುಟದಲ್ಲಿ ಇಂಗ್ಲಿಷನ್ನೂ ಇರಿಸಿತು. ಇಂಗ್ಲಿಷ್ ಸಾಲು ಎಲ್ಲ ಆವೃತ್ತಿಗಳಲ್ಲೂ ಕಾಯಂ, ಬದಲಾಗುವುದು ಜೊತೆಯ ಭಾರತೀಯ ಭಾಷೆ. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಬೆಲೆ ಇಳಿಸಿತು. 2015ರ ಅದರ ಸ್ಟೋರಿವೀವರ್ ಜಾಲತಾಣ ಪುಸ್ತಕವನ್ನು ಮೊಬೈಲಿಗೇ ತಂದಿತು.

ಓದು ಕಲಿಯುವ ಕಣ್ಣಿಗೆ ಈ ಕನ್ನಡ–ಇಂಗ್ಲಿಷ್ ಜೋಡಿ ಸಮನಲ್ಲ. ಇಂಗ್ಲಿಷಿನ ಕ್ಯಾಟ್ ಮೂರೇ ಅಕ್ಷರ. ಅದರ ಪಕ್ಕದ ಬೆಕ್ಕು ಎತ್ವ, ಕೊಂಬು, ಒತ್ತಕ್ಷರ ಮೂರನ್ನೂ ಕೇಳುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತ ನಲಿ-ಕಲಿ ಎಂಬ ಶಾಲಾ ಕಲಿಕಾ ಪದ್ಧತಿ ವರ್ಣಮಾಲೆಯ ಅನುಕ್ರಮವನ್ನೇ ಬಿಟ್ಟು ಸುಲಭದ ಅಕ್ಷರಗಳಿಂದ ಮಗುವನ್ನು ಮೇಲೆ ಹತ್ತಿಸುತ್ತದೆ. ಇಂಗ್ಲಿಷಿನ ಅಳತೆಗೆ ಬರೆದ ಕಥೆಗೆ ಆ ಮೆಟ್ಟಿಲುಗಳ ಪರಿವೆಯಿಲ್ಲ. ವಾಕ್ಯವೂ ತಿರುವುಮುರುವು: ಕನ್ನಡದ ಕ್ರಿಯಾಪದ ಕೊನೆಗೆ ಬಂದರೆ ಇಂಗ್ಲಿಷಿನದು ನಡುವೆ. ಬೆರಳಿಟ್ಟು ಓದುವ ಮಗು ಯಾವುದಕ್ಕೆ ಯಾವುದು ಸಮವೆಂದು ಹೇಗೆ ಹಿಡಿಯಬೇಕು?

1658ರಲ್ಲಿ ನ್ಯೂರೆಂಬರ್ಗಿನಲ್ಲಿ ಶಿಕ್ಷಣ ಚಿಂತಕ ಕೊಮೆನಿಯಸ್ ತಂದ ಲ್ಯಾಟಿನ್–ಜರ್ಮನ್ ಸಚಿತ್ರ ಪುಸ್ತಕ ಇದಕ್ಕೊಂದು ಉಪಾಯ ಹೂಡಿತ್ತು. ಚಿತ್ರದೊಳಗಿನ ವಸ್ತುಗಳಿಗೆ ಅಂಕಿ, ಅದೇ ಅಂಕಿ ಎರಡೂ ಭಾಷೆಯ ಪದಗಳಿಗೆ. ನಮ್ಮ ಪುಸ್ತಕಗಳಲ್ಲಿ ಈ ಏರ್ಪಾಡು ಅಪರೂಪ. ಕನ್ನಡ–ಮರಾಠಿ, ಇಲ್ಲವೇ ಕನ್ನಡ ಲಿಪಿಯಲ್ಲೇ ಬರೆದ ಲಂಬಾಣಿ–ಕನ್ನಡ ಪುಸ್ತಕ ತರಲು ಚಿತ್ರಗಳನ್ನು ಹೊಸದಾಗಿ ಬರೆಸಬೇಕಿಲ್ಲ, ಕಪ್ಪು ಪ್ಲೇಟೊಂದನ್ನು ಬದಲಿಸಬೇಕಷ್ಟೆ. ಕೊಳ್ಳುವವರು ಯಾರೆಂಬ ಪ್ರಶ್ನೆ ಮಾತ್ರ ಉಳಿಯುತ್ತದೆ. ಅದಕ್ಕೆ ಪ್ರಕಾಶಕರಿಗಿಂತ ಮೊದಲು ಶಾಲಾ ಗ್ರಂಥಾಲಯಗಳಿಗೆ ಪುಸ್ತಕ ಆರಿಸುವ ಸಮಿತಿಗಳು ಉತ್ತರ ಕೊಡಬೇಕು.