ದೆಹಲಿಯ ಪ್ರೌಢಶಾಲೆಗಳೂ ಇಂಗ್ಲಿಷ್ ಪರೀಕ್ಷೆಯೂ

1825ರಲ್ಲಿ ಸ್ಥಾಪಿತವಾದ ದೆಹಲಿ ಕಾಲೇಜಿನಲ್ಲಿ ಮೂರು ವರ್ಷಗಳ ತರುವಾಯ ಇಂಗ್ಲಿಷ್ ತರಗತಿಯು ಪ್ರಾರಂಭವಾಯಿತು. ಆದರೂ ಆ ವಿದ್ಯಾಲಯದ ಕೀರ್ತಿಗೆ ಕಾರಣವಾದದ್ದು ಉರ್ದು ಬೋಧನೆ. ಪಾಶ್ಚಾತ್ಯ ಗಣಿತವನ್ನೂ ವಿಜ್ಞಾನವನ್ನೂ ಅಲ್ಲಿ ಉರ್ದುವಿನಲ್ಲಿ ಕಲಿಸುತ್ತಿದ್ದರು. ಅದಕ್ಕಾಗಿ ಗ್ರಂಥಗಳನ್ನು ಭಾಷಾಂತರಿಸುತ್ತಿದ್ದರು. ಅಲ್ಲಿಯ ಉಪಾಧ್ಯಾಯರಾದ ಮಾಸ್ಟರ್ ರಾಮಚಂದ್ರರ ಗಣಿತಗ್ರಂಥವು 1850ರಲ್ಲಿ ಕಲ್ಕತ್ತೆಯಲ್ಲಿಯೂ 1859ರಲ್ಲಿ ಲಂಡನ್ನಿನಲ್ಲಿಯೂ ಅಚ್ಚಾಯಿತು. ಗ್ರಂಥ ಇಂಗ್ಲಿಷಿನದು; ಪಾಠ ಉರ್ದುವಿನದು. ಇವೆರಡಕ್ಕೂ ಆಗ ವಿರೋಧವಿರಲಿಲ್ಲ.

ಈ ಪದ್ಧತಿಯು ಬಹುಕಾಲ ಉಳಿಯಲಿಲ್ಲ. ಸರ್ಕಾರಿ ಉದ್ಯೋಗಗಳಲ್ಲಿ ಇಂಗ್ಲಿಷ್ ಕಲಿತವರಿಗೆ ಆದ್ಯತೆಯೆಂದು ಗವರ್ನರ್ ಜನರಲ್ ಹಾರ್ಡಿಂಜನು 1844ರಲ್ಲಿಯೇ ಸಾರಿದ್ದನು. 1857ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯವೂ ಅದರ ಪ್ರವೇಶ ಪರೀಕ್ಷೆಯೂ ಹುಟ್ಟಿದುವು. ಅದೇ ವರ್ಷದ ಬಂಡಾಯದಲ್ಲಿ ಮುಚ್ಚಿದ ದೆಹಲಿ ಕಾಲೇಜು 1864ರಲ್ಲಿ ಮರಳಿ ತೆರೆದಾಗ ಇಂಗ್ಲಿಷೇ ಮಾಧ್ಯಮವಾಯಿತು, ಕಲ್ಕತ್ತದ ಪರೀಕ್ಷೆಯೇ ಗುರಿಯಾಯಿತು. 1877ರಲ್ಲಿ ಕಾಲೇಜೂ ಇಲ್ಲವಾಯಿತು. ಪ್ರವೇಶ ಪರೀಕ್ಷೆಯು ಪ್ರೌಢಶಾಲೆಗಳನ್ನು ಆಳುತ್ತಿದೆಯೆಂದು 1882ರ ಹಂಟರ್ ಆಯೋಗವು ಕಂಡಿತು. 1952–53ರ ಮೊದಲಿಯಾರ್ ಆಯೋಗವೂ ಹೆಚ್ಚುಕಡಿಮೆ ಅದನ್ನೇ ಕಂಡಿತು. ಎಪ್ಪತ್ತು ವರ್ಷಗಳ ಅಂತರದಲ್ಲಿ ರೋಗವಿವರಣೆ ಬದಲಾಗಲಿಲ್ಲವೆಂಬುದು ಗಮನಾರ್ಹ.

1962ರಲ್ಲಿ ದೆಹಲಿಯ ಪ್ರೌಢಶಿಕ್ಷಣ ಮಂಡಲಿಯು ಕೇಂದ್ರೀಯ ಮಂಡಲಿಯಲ್ಲಿ, ಎಂದರೆ ಸಿ.ಬಿ.ಎಸ್.ಇ.ಯಲ್ಲಿ, ವಿಲೀನವಾಯಿತು. ಲೋಧಿ ಎಸ್ಟೇಟಿನ ಕನ್ನಡ ಶಾಲೆಯ ಮಕ್ಕಳೂ ಇದರ ಪರೀಕ್ಷೆಗೇ ಕೂಡುವವರು. ಪರೀಕ್ಷೆ ಬದಲಾದರೆ ತರಗತಿಯೂ ಬದಲಾದೀತೆಂಬ ನಂಬಿಕೆಯಿಂದ ಮಂಡಲಿಯು ಪ್ಲಿಮತ್ತಿನ ಸೇಂಟ್ ಮಾರ್ಕ್ ಅಂಡ್ ಸೇಂಟ್ ಜಾನ್ ಕಾಲೇಜಿನ ನೆರವಿನೊಡನೆ ಹೊಸ ಪಠ್ಯಕ್ರಮವೊಂದನ್ನು ರೂಪಿಸಿ 1993ರಲ್ಲಿ ಒಂಬತ್ತನೆಯ ತರಗತಿಯಿಂದ ಜಾರಿಗೆ ತಂದಿತು. ಉಪಾಧ್ಯಾಯರು ಸಾಲುಸಾಲಾಗಿ ಅರ್ಥ ಹೇಳಿ ಉತ್ತರ ಬರೆಯಿಸುವುದೂ ವಿದ್ಯಾರ್ಥಿಗಳು ಅದನ್ನು ಉರುಹೊಡೆಯುವುದೂ ತಪ್ಪಬೇಕು. ಸಂದರ್ಭಕ್ಕೊಪ್ಪುವಂತೆ ಭಾಷೆಯನ್ನು ಬಳಸಲು ಅವರು ಕಲಿಯಬೇಕು: ಇದು ಉದ್ದೇಶ. ಕಂಡಿರದ ಗದ್ಯಭಾಗವನ್ನು ಓದಿ ಉತ್ತರಿಸುವುದಕ್ಕೂ ಪತ್ರ, ವರದಿ ಮುಂತಾದ ಬರೆಹಕ್ಕೂ ಪ್ರಶ್ನಪತ್ರಿಕೆಯಲ್ಲಿ ಪ್ರಾಶಸ್ತ್ಯ ದೊರೆಯಿತು. ಇದು ಸಣ್ಣ ಲಾಭವಲ್ಲ. ಆದರೆ ಕಂಠಪಾಠವು ಹೋಗದೆ ಸ್ಥಳ ಬದಲಿಸಿತು. ಉತ್ತರಕ್ಕೆ ಬದಲಾಗಿ ಉತ್ತರದ ಆಕಾರವನ್ನು ಮಕ್ಕಳು ಬಾಯಿಪಾಠ ಮಾಡಿದರು: ವಿಳಾಸ ಎಲ್ಲಿರಬೇಕು, ಸೂಚನಾಪತ್ರಕ್ಕೆ ಚೌಕಟ್ಟು ಹೇಗೆ ಎಳೆಯಬೇಕು, ಎಷ್ಟು ಪದ ಮೀರಬಾರದು. ಯಾವ ಸಂಪಾದಕನಿಗೂ ತಲಪದ ಪತ್ರಗಳು ವರ್ಷವರ್ಷವೂ ಬರೆಯಲ್ಪಟ್ಟುವು. ಇದರಲ್ಲಿ ಮಕ್ಕಳ ತಪ್ಪನ್ನು ಹುಡುಕುವುದು ನ್ಯಾಯವಲ್ಲ. 2011ರಲ್ಲಿ ದೆಹಲಿಯ ಶ್ರೀರಾಮ್ ವಾಣಿಜ್ಯ ಕಾಲೇಜು, ವಾಣಿಜ್ಯವನ್ನು ಓದಿರದ ಅಭ್ಯರ್ಥಿಗಳಿಂದ ಪ್ರತಿಶತ 100 ಅಂಕಗಳನ್ನು ಅಪೇಕ್ಷಿಸಿತ್ತು.

ಮಾತಿನ ಗತಿಯಂತೂ ಇನ್ನೂ ಕನಿಷ್ಠ. ಹತ್ತನೆಯ ತರಗತಿಯ ಇಂಗ್ಲಿಷಿಗೆ 80 ಅಂಕಗಳು ಲಿಖಿತ ಪರೀಕ್ಷೆಯವು; ಕೇಳುವುದಕ್ಕೂ ಮಾತಾಡುವುದಕ್ಕೂ ಶಾಲೆಯೇ ಕೊಡುವ 20ರಲ್ಲಿ ಕೇವಲ 5.

2022ರಿಂದ ದೆಹಲಿ ವಿಶ್ವವಿದ್ಯಾಲಯವು ಮಂಡಲಿಯ ಅಂಕಗಳನ್ನು ಬಿಟ್ಟು ಸಾಮಾನ್ಯ ಪ್ರವೇಶ ಪರೀಕ್ಷೆಯಿಂದ ವಿದ್ಯಾರ್ಥಿಗಳನ್ನು ಆರಿಸತೊಡಗಿತು. ಇಲ್ಲಿ ವಾಕ್ಯ ಬರೆಯುವುದೇ ಬೇಕಿಲ್ಲ. ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತಿಸಿದರೆ ಸಾಕು. ಹಗಲು ಶಾಲೆಯಲ್ಲಿ ಸೂಚನಾಪತ್ರಕ್ಕೆ ಚೌಕಟ್ಟು ಎಳೆದ ಹುಡುಗನು ಸಂಜೆ ಕೋಚಿಂಗಿನಲ್ಲಿ ಆ ನಾಲ್ಕರ ಅಭ್ಯಾಸಕ್ಕೆ ಕೂಡುತ್ತಾನೆ.