ಒಂದೇ ಮನೆಯ ಕಥೆ, ಹಲವು ಬಾಗಿಲು: ಫ್ಯಾಮಿಲಿ ಕೋರ್ಟ್ ಬಂದ ಮೇಲೂ ಓಡಾಟ ಯಾಕೆ ನಿಲ್ಲಲಿಲ್ಲ?

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಕೂತಿದ್ದೀರಾ? ಹಾಗಾದ್ರೆ ಒಂದು ದೃಶ್ಯ ಊಹಿಸಿಕೊಳ್ಳಿ.

ಒಂದು ಜಿಲ್ಲಾ ಕೇಂದ್ರದ ಕೋರ್ಟ್ ಆವರಣ. ಬೆಳಗ್ಗೆ ಹತ್ತೂವರೆ. ಒಬ್ಬ ಹೆಣ್ಣುಮಗಳು ನಿಂತಿದ್ದಾಳೆ. ಕೈಯಲ್ಲಿ ಪ್ಲಾಸ್ಟಿಕ್ ಕವರ್, ಒಳಗೆ ಜೆರಾಕ್ಸ್ ಪ್ರತಿಗಳ ಕಟ್ಟು. ಡಿವೋರ್ಸ್, ಮಗುವಿನ ಕಸ್ಟಡಿ, ಜೀವನಾಂಶದ ಅರ್ಜಿಗಳು ಫ್ಯಾಮಿಲಿ ಕೋರ್ಟ್‌ನಲ್ಲಿ. ಹೊಡೆತದ ವಿಷಯಕ್ಕೆ ಹಾಕಿದ ಅರ್ಜಿ ಮ್ಯಾಜಿಸ್ಟ್ರೇಟ್ ಮುಂದೆ. ಕೊಟ್ಟ ದೂರು ಪೊಲೀಸ್ ಠಾಣೆಯಲ್ಲಿ. ಗಾಯ ನೋಡಿದ ವೈದ್ಯರ ಚೀಟಿ ಸರ್ಕಾರಿ ಆಸ್ಪತ್ರೆಯಲ್ಲಿ. ಹೋದ ಕಡೆಯೆಲ್ಲ ಅದೇ ಪ್ರಶ್ನೆ: "ಏನಾಯ್ತು, ಮೊದಲಿಂದ ಹೇಳಿ."

ಇವಳು ನಿಜವಾದ ವ್ಯಕ್ತಿ ಅಲ್ಲ, ಉದಾಹರಣೆ ಅಷ್ಟೇ. ಆದರೆ ಈ ಓಡಾಟ ಕಲ್ಪನೆ ಅಲ್ಲ. ಇವತ್ತಿನ ಎಪಿಸೋಡ್‌ನ ಪ್ರಶ್ನೆ ಇದು: ಒಂದು ಮನೆಯ ಕಥೆಯನ್ನ ಇಷ್ಟು ಆಫೀಸುಗಳು ಹಂಚಿಕೊಂಡಿದ್ದು ಹೇಗೆ? ಅವು ಒಂದಕ್ಕೊಂದು ಮಾತಾಡೋದು ಯಾಕೆ ಇಷ್ಟು ಕಷ್ಟ ಆಯ್ತು?

ಉತ್ತರಕ್ಕೆ 1953ಕ್ಕೆ ಹೋಗೋಣ. ದುರ್ಗಾಬಾಯಿ ದೇಶಮುಖ್ ಹೆಸರು ಕೇಳಿದ್ದೀರಾ? ಸ್ವಾತಂತ್ರ್ಯ ಹೋರಾಟಗಾರ್ತಿ, ವಕೀಲೆ, ಸಂವಿಧಾನ ರಚನಾ ಸಭೆಯ ಸದಸ್ಯೆ, ಕೇಂದ್ರ ಸಮಾಜ ಕಲ್ಯಾಣ ಮಂಡಳಿಯ ಮೊದಲ ಅಧ್ಯಕ್ಷೆ. ಅವರು ಆ ವರ್ಷ ಚೀನಾಕ್ಕೆ ಹೋದಾಗ ಅಲ್ಲಿನ ಕುಟುಂಬ ನ್ಯಾಯಾಲಯಗಳನ್ನ ನೋಡಿದರು. ನಮ್ಮಲ್ಲೂ ಇಂಥದ್ದು ಬೇಕು ಅನ್ನಿಸಿತು. ವಾಪಸ್ ಬಂದು ನ್ಯಾಯಮೂರ್ತಿಗಳಾದ ಎಂ.ಸಿ. ಛಾಗ್ಲಾ ಮತ್ತು ಪಿ.ಬಿ. ಗಜೇಂದ್ರಗಡ್ಕರ್ ಜೊತೆ ಚರ್ಚೆ ಮಾಡಿದರು, ಪ್ರಧಾನಿ ನೆಹರೂ ಅವರ ಮುಂದೂ ವಿಷಯ ಇಟ್ಟರು.

ಆಗ ನಮ್ಮಲ್ಲಿ ಪರಿಸ್ಥಿತಿ ಹೇಗಿತ್ತು? ಹೆಂಡತಿ ಮಕ್ಕಳ ಜೀವನಾಂಶಕ್ಕೆ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಬೇಕು. ಅದು 1898ರ ಕ್ರಿಮಿನಲ್ ಪ್ರೊಸೀಜರ್ ಕೋಡ್‌ನಿಂದ ಬಂದ ದಾರಿ. ಮಗು ಯಾರ ಹತ್ತಿರ ಇರಬೇಕು ಅನ್ನೋದು 1890ರ ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯ್ದೆ ಪ್ರಕಾರ ಸಿವಿಲ್ ಕೋರ್ಟ್‌ನಲ್ಲಿ. 1955ರಲ್ಲಿ ಹಿಂದೂ ವಿವಾಹ ಕಾಯ್ದೆ ಬಂದಾಗ ಡಿವೋರ್ಸ್ ಕೂಡ ಸಿವಿಲ್ ಕೋರ್ಟಿಗೇ ಸೇರಿತು. ಜಮೀನಿನ ವ್ಯಾಜ್ಯ ನಡೆಯೋ ಜಾಗದಲ್ಲೇ, ಅದೇ ಧಾಟಿಯಲ್ಲಿ ಗಂಡ ಹೆಂಡತಿಯ ಜಗಳದ ವಿಚಾರಣೆ. ವಾದಿ, ಪ್ರತಿವಾದಿ, ವಾಯಿದೆ ಮೇಲೆ ವಾಯಿದೆ.

1974ರಲ್ಲಿ ಕಾನೂನು ಆಯೋಗ ತನ್ನ 59ನೇ ವರದಿಯಲ್ಲಿ, ಕುಟುಂಬದ ವ್ಯಾಜ್ಯವನ್ನ ಮಾಮೂಲಿ ಸಿವಿಲ್ ಕೇಸಿನ ಥರ ನಡೆಸಬಾರದು ಅಂತ ಹೇಳಿತು. 1976ರಲ್ಲಿ ಸಿವಿಲ್ ಪ್ರೊಸೀಜರ್ ಕೋಡ್ ತಿದ್ದುಪಡಿ ಆಯ್ತು: ಇಂಥ ಕೇಸಲ್ಲಿ ರಾಜಿಗೆ ಪ್ರಯತ್ನ ಮಾಡಿ, ತಜ್ಞರ ನೆರವು ತಗೊಳ್ಳಿ ಅಂತ. ಆದರೆ ಕೋರ್ಟ್‌ಗಳು ಅದನ್ನ ಹೆಚ್ಚು ಬಳಸಲೇ ಇಲ್ಲ. ಹಳೇ ಕಟ್ಟಡದ ಗೋಡೆಗೆ ಹೊಸ ಬೋರ್ಡ್ ಹಾಕಿದ ಹಾಗಾಯ್ತು.

ಕೊನೆಗೆ 1984ರ ಸೆಪ್ಟೆಂಬರ್‌ನಲ್ಲಿ ಫ್ಯಾಮಿಲಿ ಕೋರ್ಟ್ಸ್ ಕಾಯ್ದೆ ಬಂತು. ಚೀನಾ ಪ್ರವಾಸ ಆಗಿ 31 ವರ್ಷದ ಮೇಲೆ. ದುರ್ಗಾಬಾಯಿ ಅದನ್ನ ನೋಡಲಿಲ್ಲ. ಅವರು 1981ರಲ್ಲೇ ತೀರಿಕೊಂಡಿದ್ದರು.

ಕಾಯ್ದೆ ಓದಿದರೆ ಖುಷಿ ಆಗುತ್ತೆ. ಡಿವೋರ್ಸ್, ಜೀವನಾಂಶ, ಕಸ್ಟಡಿ, ದಂಪತಿಗಳ ಆಸ್ತಿ ಎಲ್ಲಾ ಒಂದೇ ಸೂರಿನಡಿ. ಜಡ್ಜ್ ಮೊದಲು ರಾಜಿಗೆ ಪ್ರಯತ್ನಿಸಬೇಕು. ಆಪ್ತಸಮಾಲೋಚಕರು ಇರಬೇಕು. ವೈದ್ಯರ, ಸಮಾಜ ಕಾರ್ಯಕರ್ತರ ಸಲಹೆ ಕೇಳಬಹುದು. 10 ಲಕ್ಷಕ್ಕಿಂತ ಹೆಚ್ಚು ಜನ ಇರೋ ಪ್ರತಿ ನಗರದಲ್ಲೂ ಇಂಥ ಕೋರ್ಟ್ ತೆರೆಯಲೇಬೇಕು.

ಆದರೆ ಇಲ್ಲಿ ಒಂದು ಸಣ್ಣ ಪದ ಗಮನಿಸಿ. ಕೋರ್ಟ್ ಸ್ಥಾಪನೆಯ ವಿಷಯದಲ್ಲಿ ಕಾಯ್ದೆ ಹೇಳೋದು "ಮಾಡತಕ್ಕದ್ದು" ಅಂತ. ಸಮಾಜ ಕಲ್ಯಾಣ ಸಂಸ್ಥೆಗಳನ್ನ, ತಜ್ಞರನ್ನ ಕೋರ್ಟ್ ಜೊತೆ ಜೋಡಿಸೋ ವಿಷಯ ಬಂದಾಗ, ಅಂದ್ರೆ 5ನೇ ಸೆಕ್ಷನ್‌ನಲ್ಲಿ, ಪದ ಬದಲಾಗುತ್ತೆ: ರಾಜ್ಯ ಸರ್ಕಾರ ನಿಯಮ "ಮಾಡಬಹುದು". ಕಟ್ಟಡ ಕಡ್ಡಾಯ, ಕೈಜೋಡಿಸೋದು ಐಚ್ಛಿಕ.

ಇನ್ನೊಂದು ತೊಡಕೂ ಇತ್ತು. ಫ್ಯಾಮಿಲಿ ಕೋರ್ಟ್ ಬರೋಕೆ ಒಂದೇ ವರ್ಷ ಮುಂಚೆ, 1983ರಲ್ಲಿ, ಗಂಡ ಮತ್ತು ಅವನ ಮನೆಯವರ ಕ್ರೌರ್ಯವನ್ನ ಅಪರಾಧ ಅಂತ ಮಾಡಿದ 498ಎ ಸೆಕ್ಷನ್ ಬಂದಿತ್ತು. ಇವತ್ತು ಅದು ಭಾರತೀಯ ನ್ಯಾಯ ಸಂಹಿತೆಯ 85ನೇ ಸೆಕ್ಷನ್. ಅದರ ದಾರಿ ಪೊಲೀಸ್ ಠಾಣೆ, ಆಮೇಲೆ ಕ್ರಿಮಿನಲ್ ಕೋರ್ಟ್. ಇದು ತಪ್ಪೇನಲ್ಲ. ಒಬ್ಬರನ್ನ ಜೈಲಿಗೆ ಕಳಿಸೋಕೆ ಬೇಕಾದ ಸಾಕ್ಷ್ಯವೇ ಬೇರೆ, ಮಗುವಿನ ಫೀಸ್ ಯಾರು ಕಟ್ಟಬೇಕು ಅಂತ ತೀರ್ಮಾನಿಸೋಕೆ ಬೇಕಾದ ಸಾಕ್ಷ್ಯವೇ ಬೇರೆ. ಆದರೆ ಫಲಿತಾಂಶ ನೋಡಿ: ಎರಡು ಕೋರ್ಟ್, ಒಂದೇ ಮನೆ, ನಡುವೆ ಸೇತುವೆ ಇಲ್ಲ.

ಆಮೇಲೆ 2005ರಲ್ಲಿ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಬಂತು. 2006ರ ಅಕ್ಟೋಬರ್ 26ರಿಂದ ಜಾರಿ. ಇದನ್ನ ಬರೆದವರಿಗೆ ಸೇತುವೆಯ ಸಮಸ್ಯೆ ಗೊತ್ತಿತ್ತು ಅನ್ಸುತ್ತೆ. ಸಂರಕ್ಷಣಾಧಿಕಾರಿ ಅನ್ನೋ ಹೊಸ ಹುದ್ದೆ ಬಂತು. ಹಿಂಸೆಯ ದೂರು ಬಂದರೆ ಅವರು ಕೌಟುಂಬಿಕ ಘಟನಾ ವರದಿ, ಅಂದ್ರೆ ಡಿಐಆರ್, ಬರೆದು ಮ್ಯಾಜಿಸ್ಟ್ರೇಟ್‌ಗೆ ಕೊಡಬೇಕು. ಅದರ ಪ್ರತಿ ಪೊಲೀಸ್ ಠಾಣೆಗೂ ಹೋಗಬೇಕು. ಮ್ಯಾಜಿಸ್ಟ್ರೇಟ್ ಆದೇಶ ಮಾಡಿದರೆ ಅದರ ಪ್ರತಿ ಅರ್ಜಿದಾರರಿಗೂ ಠಾಣೆಗೂ ಉಚಿತ. 11ನೇ ಸೆಕ್ಷನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಾನೂನು, ಗೃಹ, ಆರೋಗ್ಯದಂಥ ಇಲಾಖೆಗಳ ನಡುವೆ ಹೊಂದಾಣಿಕೆ ತರೋದು, ಅದನ್ನ ಆಗಾಗ ಪರಿಶೀಲಿಸೋದು ಸರ್ಕಾರದ ಕರ್ತವ್ಯ ಅಂತ ಹೇಳಿತು.

ಹಾಗಾದ್ರೆ ಓಡಾಟ ಯಾಕೆ ನಿಲ್ಲಲಿಲ್ಲ? ನಮ್ಮ ಕರ್ನಾಟಕವನ್ನೇ ನೋಡಿ. ಇಲ್ಲಿ ಸಂರಕ್ಷಣಾಧಿಕಾರಿಯ ಜವಾಬ್ದಾರಿ ಕೊಟ್ಟಿದ್ದು ಸಿಡಿಪಿಒ, ಅಂದ್ರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ. ತಾಲ್ಲೂಕಿನ ಅಂಗನವಾಡಿಗಳನ್ನ ನೋಡಿಕೊಳ್ಳೋರೂ ಅವರೇ. ಮೊದಲೇ ತುಂಬಿದ ಮೇಜಿನ ಮೇಲೆ ಇನ್ನೊಂದು ಫೈಲ್. ಸೇತುವೆಯ ನಕ್ಷೆ ಚೆನ್ನಾಗಿತ್ತು, ಕಟ್ಟೋ ಕೈಗೆ ಪುರಸೊತ್ತಿರಲಿಲ್ಲ.

ಅದೇ ಕಾಯ್ದೆಯ 26ನೇ ಸೆಕ್ಷನ್ ಕೂಡ ಕೇಳಿ. ಸಂತ್ರಸ್ತೆ ತನ್ನ ಪರಿಹಾರವನ್ನ ಫ್ಯಾಮಿಲಿ ಕೋರ್ಟ್‌ನಲ್ಲೂ ಕೇಳಬಹುದು. ಒಳ್ಳೇದೇ. ಆದರೆ ಬೇರೆ ಕೋರ್ಟ್‌ನಲ್ಲಿ ಏನಾದರೂ ಸಿಕ್ಕಿದ್ದರೆ ಅದನ್ನ ಮ್ಯಾಜಿಸ್ಟ್ರೇಟ್‌ಗೆ ತಿಳಿಸಬೇಕಾದವರು ಯಾರು? ಅವಳೇ. ಒಂದು ಕೋರ್ಟ್ ಇನ್ನೊಂದು ಕೋರ್ಟಿಗೆ ಹೇಳೋದಿಲ್ಲ. ಅಂಚೆಯವಳ ಕೆಲಸ ಕೂಡ ಏಟು ತಿಂದವಳದ್ದೇ.

2015ರಲ್ಲಿ ಬಂದ ಸಖಿ ಒನ್ ಸ್ಟಾಪ್ ಸೆಂಟರ್‌ಗಳ ಉದ್ದೇಶ ಇದನ್ನೇ ಸರಿ ಮಾಡೋದು: ಚಿಕಿತ್ಸೆ, ಪೊಲೀಸ್ ನೆರವು, ಕಾನೂನು ಸಲಹೆ, ಕೌನ್ಸೆಲಿಂಗ್, ತಾತ್ಕಾಲಿಕ ವಸತಿ, ಎಲ್ಲಾ ಒಂದೇ ಕಡೆ. ಅವಳು ಆಫೀಸುಗಳ ಹತ್ತಿರ ಹೋಗೋ ಬದಲು ಆಫೀಸುಗಳೇ ಅವಳ ಹತ್ತಿರ ಬರಲಿ ಅನ್ನೋ ಯೋಚನೆ.

ಕೋರ್ಟ್‌ಗಳ ನಡುವಿನ ಬಿರುಕಿಗೆ ಉತ್ತರ ಬಂದಿದ್ದು 2020ರ ನವೆಂಬರ್ 4ರಂದು, ಸುಪ್ರೀಂ ಕೋರ್ಟ್‌ನಿಂದ. ಅದೊಂದು ಮಧ್ಯಂತರ ಜೀವನಾಂಶದ ಕೇಸ್. ಮಧ್ಯಂತರ, ಅಂದ್ರೆ ತುರ್ತಾಗಿ ಸಿಗಬೇಕಾದದ್ದು. ಅರ್ಜಿ ಹಾಕಿದ್ದು 2013ರಲ್ಲಿ! ನ್ಯಾಯಮೂರ್ತಿಗಳಾದ ಇಂದು ಮಲ್ಹೋತ್ರಾ ಮತ್ತು ಆರ್. ಸುಭಾಷ್ ರೆಡ್ಡಿ ಅವರ ಪೀಠ ಇಡೀ ದೇಶಕ್ಕೆ ನಿಯಮ ಹಾಕಿತು. ಗಂಡ ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲದ ವಿವರವನ್ನ ನಿಗದಿತ ಮಾದರಿಯ ಅಫಿಡವಿಟ್‌ನಲ್ಲಿ ಕೊಡಬೇಕು. ಬೇರೆ ಕೋರ್ಟ್‌ನಲ್ಲಿ ಮೊದಲೇ ಆದೇಶ ಆಗಿದ್ದರೆ ಹೇಳಬೇಕು, ಎರಡನೇ ಕೋರ್ಟ್ ಅದನ್ನ ಲೆಕ್ಕಕ್ಕೆ ತಗೊಳ್ಳಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ. ಮಧ್ಯಂತರ ಅರ್ಜಿ ನಾಲ್ಕರಿಂದ ಆರು ತಿಂಗಳಲ್ಲಿ ಮುಗಿಸೋ ಪ್ರಯತ್ನ ಆಗಬೇಕು.

ಹೊಸ ಕಟ್ಟಡ ಇಲ್ಲ, ಹೊಸ ಹುದ್ದೆ ಇಲ್ಲ. ಒಂದು ಫಾರ್ಮ್. ಆ ಫಾರ್ಮ್ ಎರಡು ಕೋರ್ಟ್‌ಗಳಿಗೆ ಒಂದೇ ಮನೆಯ ಲೆಕ್ಕ ತೋರಿಸುತ್ತೆ. ಆದರೂ ತಿಳಿಸೋ ಹೊಣೆ ಈಗಲೂ ಕಕ್ಷಿದಾರರ ಮೇಲೇ ಇದೆ, ಮರೀಬೇಡಿ.

ಇವತ್ತು ನಿಮ್ಮ ಫೋನ್‌ನಲ್ಲೇ ಇ-ಕೋರ್ಟ್ಸ್ ಆ್ಯಪ್ ಇದೆ. ಪ್ರತಿ ಕೇಸಿಗೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್. ಆದರೆ ನಂಬರ್ ಇರೋದು ಕೇಸಿಗೆ, ಕುಟುಂಬಕ್ಕಲ್ಲ. ಮೂರು ಕೇಸ್ ಇದ್ದರೆ ಮೂರು ನಂಬರ್.

"ಹಾಗಾದ್ರೆ ಎಲ್ಲರ ಮಾಹಿತಿಯನ್ನೂ ಎಲ್ಲರಿಗೂ ತೆರೆದಿಡಬೇಕಾ?" ಅಂತ ಕೇಳಬಹುದು. ಬೇಡ. ಕೌನ್ಸೆಲರ್ ಮುಂದೆ ಅತ್ತು ಹೇಳಿದ ಮಾತು ಠಾಣೆಯ ಮೇಜಿಗೆ ಹೋಗಬಾರದು. ಹೋಗುತ್ತೆ ಅಂತ ಗೊತ್ತಾದರೆ ಯಾರೂ ಬಾಯಿ ಬಿಡಲ್ಲ. ಅಡ್ಡಾಡಬೇಕಾದ್ದು ಆದೇಶ, ತಾರೀಖು, ಜೀವಕ್ಕೆ ಅಪಾಯ ಇದೆಯಾ ಅನ್ನೋ ಎಚ್ಚರಿಕೆ. ಮನಸ್ಸಿನ ಮಾತು ಅಲ್ಲ.

1953ರಿಂದ ಇಲ್ಲಿವರೆಗಿನ ಈ ಕಥೆಯಲ್ಲಿ ನನಗೆ ಕಾಣೋದು ಇಷ್ಟೇ: ಸಮಸ್ಯೆ ಬಂದಾಗಲೆಲ್ಲ ನಾವು ಹೊಸ ಬಾಗಿಲು ತೆರೆದೆವು, ಬಾಗಿಲುಗಳ ನಡುವಿನ ಮೊಗಸಾಲೆ ಕಟ್ಟೋದನ್ನ ಮಾತ್ರ ಮುಂದಕ್ಕೆ ಹಾಕ್ತಾ ಬಂದೆವು.

ನಿಮ್ಮ ಅಕ್ಕನೋ, ಗೆಳತಿಯೋ, ಪಕ್ಕದ ಮನೆಯವರೋ ಈ ಓಡಾಟದಲ್ಲಿದ್ದರೆ ಎರಡು ವಿಷಯ ತಿಳಿಸಿ. ಒಂದು, ಹೆಣ್ಣುಮಕ್ಕಳಿಗೆ ಆದಾಯದ ಮಿತಿ ಇಲ್ಲದೆ ಉಚಿತ ಕಾನೂನು ನೆರವು ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಕೊಡುತ್ತೆ, ಸಹಾಯವಾಣಿ 15100. ತುರ್ತಿಗೆ 112, ಮಹಿಳಾ ಸಹಾಯವಾಣಿ 181. ಎರಡು, ಸಂರಕ್ಷಣಾಧಿಕಾರಿ ಹತ್ತಿರ ಹೋದಾಗ ಒಂದು ಪ್ರಶ್ನೆ ತಪ್ಪದೆ ಕೇಳಲಿ: "ಡಿಐಆರ್ ಪ್ರತಿ ಠಾಣೆಗೆ ಹೋಯ್ತಾ ಮೇಡಂ?"