ನನಗೆ ದೇವರು ಕೊಟ್ಟ ವರ ಯಾವುದು? – ಡೋರ್ನಹಳ್ಳಿಯ ಸಂತ ಅಂತೋಣಿಯವರನ್ನು ಕೇಳೋಣ

ಮಡಿಕೇರಿ ಘಟ್ಟ ಹತ್ತಿ, ಕುಶಾಲನಗರ ದಾಟಿ, ಬೈಲಕುಪ್ಪೆ, ಪಿರಿಯಾಪಟ್ಟಣ, ಹುಣಸೂರು ಮಾರ್ಗವಾಗಿ ಮೈಸೂರಿಗೆ ಹೋಗುವ ಕರಾವಳಿಯ ಕಥೋಲಿಕ ಕುಟುಂಬಗಳಲ್ಲಿ ಅನೇಕರು ಕೃಷ್ಣರಾಜನಗರ ತಾಲ್ಲೂಕಿನ ಡೋರ್ನಹಳ್ಳಿಗೂ ಹೋಗಿ ಬರುವುದುಂಟು. ಅಲ್ಲಿ ಸಂತ ಅಂತೋಣಿಯವರ ಪುಣ್ಯಕ್ಷೇತ್ರವಿದೆ. ಹೊಲ ಉಳುತ್ತಿದ್ದ ರೈತನೊಬ್ಬನಿಗೆ ಮಣ್ಣಿನಲ್ಲಿ ಸಂತರ ಪ್ರತಿಮೆ ದೊರಕಿತೆಂದು ಅಲ್ಲಿಯ ಜನ ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. 2019ರಲ್ಲಿ ವಿಶ್ವಗುರು ಫ್ರಾನ್ಸಿಸ್‌ರವರು ಈ ದೇವಾಲಯವನ್ನು ಕಿರಿಯ ಬೆಸಿಲಿಕಾ ದರ್ಜೆಗೆ ಏರಿಸಿದರು. ಪ್ರತಿ ವರ್ಷ ಜೂನ್ 13ರ ಹಬ್ಬಕ್ಕೆ ಜಾತಿ ಮತಗಳ ಭೇದವಿಲ್ಲದೆ ಜನ ಸೇರುತ್ತಾರೆ.

ಭಕ್ತರು ಸಂತರಲ್ಲಿ ಕೇಳುವುದು ಏನು? ಕಳೆದುಹೋದ ವಸ್ತು, ಮಕ್ಕಳಿಗೆ ಮದುವೆ, ಮಡಿಲಿಗೊಂದು ಮಗು, ಕೋರ್ಟಿನಲ್ಲಿರುವ ಜಮೀನು. ಇವನ್ನು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ದೇವರು ನನಗೆ ಈಗಾಗಲೇ ಕೊಟ್ಟಿರುವುದು ಏನು, ಅದು ಯಾರಿಗೋಸ್ಕರ ಕೊಟ್ಟಿದ್ದು ಎಂಬ ಪ್ರಶ್ನೆಯನ್ನು ಅಂತೋಣಿಯವರ ಮುಂದೆ ಇಡುವವರು ವಿರಳ. ಈ ಪ್ರಶ್ನೆಗೆ ತಮ್ಮ ಜೀವನದಲ್ಲೇ ಉತ್ತರ ಕಂಡವರು ಅವರು.

ಮಾತಿನ ಅರ್ಥ ಮೊದಲು

ನಮ್ಮ ಪ್ರವಚನಗಳಲ್ಲಿ ‘ವರ’ ಎಂಬ ಒಂದೇ ಪದವನ್ನು ಮೂರು ನಾಲ್ಕು ಸಂಗತಿಗಳಿಗೆ ಬಳಸುತ್ತೇವೆ, ಕೇಳುವವರಿಗೆ ಗೊಂದಲವಾಗುತ್ತದೆ. ದೃಢೀಕರಣ ಸಂಸ್ಕಾರದ ತಯಾರಿಯಲ್ಲಿ ಮಕ್ಕಳು ಬಾಯಿಪಾಠ ಮಾಡುವ ಪವಿತ್ರಾತ್ಮರ ಏಳು ವರಗಳು ಯೆಶಾಯ ಗ್ರಂಥದ 11ನೇ ಅಧ್ಯಾಯದಿಂದ ಬಂದವು. ಜ್ಞಾನ, ವಿವೇಕ, ದೈವಭಯ ಮುಂತಾದ ಈ ವರಗಳು ದೊರೆಯುವುದು ನನ್ನ ಸ್ವಂತ ಪಾವಿತ್ರ್ಯಕ್ಕಾಗಿ. ಗಲಾತ್ಯರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿರುವ ಪ್ರೀತಿ, ಆನಂದ, ಶಾಂತಿ, ಸಹನೆ ಇತ್ಯಾದಿಗಳು ಪವಿತ್ರಾತ್ಮರ ಫಲಗಳು. ಅವು ಕಾಲಕ್ರಮದಲ್ಲಿ ಮಾಗುವಂಥವು. ಇನ್ನು ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 12ನೇ ಅಧ್ಯಾಯದಲ್ಲಿಯೂ ರೋಮನರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿಯೂ ಹೇಳುವ ವರದಾನಗಳು ಬೇರೆಯೇ. ಗ್ರೀಕ್ ಭಾಷೆಯಲ್ಲಿ ಅವಕ್ಕೆ ‘ಕರಿಸ್ಮಾ’ ಎನ್ನುತ್ತಾರೆ. ಅವು ನನಗೆ ದೊರೆತರೂ ನನಗಾಗಿ ದೊರೆತವಲ್ಲ, ಸಭೆಯ ಹಿತಕ್ಕಾಗಿ ದೊರೆತವು. ಈ ಲೇಖನದಲ್ಲಿ ವರದಾನ ಎಂದಾಗಲೆಲ್ಲ ಈ ಅರ್ಥವನ್ನೇ ಹಿಡಿಯಬೇಕು.

ಹಾಗಾದರೆ ಹುಟ್ಟಿನಿಂದ ಬಂದ ಪ್ರತಿಭೆಗೂ ಇದಕ್ಕೂ ಏನು ವ್ಯತ್ಯಾಸ? ಒಳ್ಳೆಯ ಕಂಠ ಪ್ರತಿಭೆ. ಆ ಕಂಠ ಕೇಳಿ ಬಲಿಪೂಜೆಯಲ್ಲಿ ಹಿಂದಿನ ಸಾಲಿನವರೂ ಬಾಯಿ ತೆರೆದು ಹಾಡಿ ಪ್ರಾರ್ಥಿಸತೊಡಗಿದರೆ ಅಲ್ಲಿ ವರದಾನ ಕೆಲಸ ಮಾಡುತ್ತಿದೆ. ಎಲ್ಲರೂ ಸುಮ್ಮನೆ ಕುಳಿತು ಆಲಿಸಿ, ಹೊರಗೆ ಬಂದು ಗಾಯಕರನ್ನು ಹೊಗಳಿದರೆ ಅದು ಒಳ್ಳೆಯ ಕಛೇರಿ, ಅಷ್ಟೆ. (ನಮ್ಮ ಗಾನವೃಂದದವರು ಬೇಸರಿಸಬಾರದು.) ಇನ್ನೊಂದು ಮಾತು: ರೋಮನರಿಗೆ ಬರೆದ ಪತ್ರದಲ್ಲಿ ಪೌಲರು ಕೊಡುವ ಪಟ್ಟಿಯಲ್ಲಿ ಬೋಧನೆ, ಪ್ರವಾದನೆಗಳ ಜೊತೆಯಲ್ಲೇ ಸೇವೆ ಮಾಡುವುದು, ದಾನ ಕೊಡುವುದು, ಕರುಣೆ ತೋರುವುದು ಇವೂ ಇವೆ. ರೋಗ ಗುಣಪಡಿಸುವುದು, ಭಾಷೆಗಳಲ್ಲಿ ಮಾತಾಡುವುದು ಮಾತ್ರ ವರದಾನವೆಂದು ತಿಳಿದವರು ಈ ಪಟ್ಟಿಯನ್ನು ಒಮ್ಮೆ ನಿಧಾನವಾಗಿ ಓದುವುದು ಒಳ್ಳೆಯದು.

ಪಾತ್ರೆ ತೊಳೆಯುತ್ತಿದ್ದ ಬೋಧಕ

ಲಿಸ್ಬನ್ ನಗರದಲ್ಲಿ ಹುಟ್ಟಿದ ಅಂತೋಣಿಯವರ ಮೊದಲ ಹೆಸರು ಫೆರ್ನಾಂಡೊ. ಅಗಸ್ಟೀನಿಯನ್ ಮಠದಲ್ಲಿ ಪವಿತ್ರಗ್ರಂಥವನ್ನು ಆಳವಾಗಿ ಅಭ್ಯಾಸ ಮಾಡಿದ್ದರು. 1220ರಲ್ಲಿ ಮೊರಾಕ್ಕೊ ದೇಶದಲ್ಲಿ ಹುತಾತ್ಮರಾದ ಐವರು ಫ್ರಾನ್ಸಿಸ್ಕನ್ ಸಹೋದರರ ಅವಶೇಷಗಳನ್ನು ಪೋರ್ಚುಗಲ್‌ಗೆ ತಂದಾಗ, ತಾವೂ ಹಾಗೆಯೇ ಪ್ರಾಣ ಕೊಡಬೇಕೆಂಬ ಹಂಬಲದಿಂದ ಫ್ರಾನ್ಸಿಸ್ಕನ್ ಸಭೆ ಸೇರಿದರು. ಮೊರಾಕ್ಕೊಗೆ ಹೋದರು. ಅಲ್ಲಿ ಕಾಯಿಲೆ ಬಿದ್ದರು. ಹಿಂದಿರುಗುವಾಗ ಬಿರುಗಾಳಿಗೆ ಸಿಕ್ಕ ಹಡಗು ಅವರನ್ನು ಸಿಸಿಲಿಗೆ ತಂದು ಮುಟ್ಟಿಸಿತು. ತನ್ನ ವರ ಹುತಾತ್ಮ ಮರಣವೆಂದು ನಂಬಿದ್ದ ಯುವಕನಿಗೆ ಆ ಬಾಗಿಲು ಮುಚ್ಚಿತ್ತು.

1221ರಲ್ಲಿ ಅಸ್ಸೀಸಿಯಲ್ಲಿ ನಡೆದ ಮಹಾಸಭೆಯಲ್ಲಿ ಗುರುತು ಪರಿಚಯವಿಲ್ಲದ, ಸೊರಗಿದ್ದ ಈ ಸಹೋದರನನ್ನು ಯಾರೂ ಕೇಳಲಿಲ್ಲ. ಕೊನೆಗೆ ಒಬ್ಬ ಅಧಿಕಾರಿ ಅವರನ್ನು ಮೊಂತೆ ಪಾವೊಲೊ ಎಂಬ ಆಶ್ರಮಕ್ಕೆ ಕರೆದುಕೊಂಡು ಹೋದರು. ಅಲ್ಲಿ ಬಲಿಪೂಜೆ ಅರ್ಪಿಸಿ, ನೆಲ ಗುಡಿಸಿ, ಪಾತ್ರೆ ತೊಳೆದುಕೊಂಡು ಇದ್ದರು. ಮರುವರ್ಷ ಫೋರ್ಲಿ ಪಟ್ಟಣದಲ್ಲಿ ಗುರುದೀಕ್ಷೆಯ ಸಮಾರಂಭ. ಡೊಮಿನಿಕನ್ನರೂ ಇದ್ದರು, ಫ್ರಾನ್ಸಿಸ್ಕನ್ನರೂ ಇದ್ದರು, ಆದರೆ ಪ್ರವಚನಕ್ಕೆ ಯಾರೂ ಸಿದ್ಧರಾಗಿ ಬಂದಿರಲಿಲ್ಲ. ದೇವರು ಬಾಯಿಗೆ ಕೊಟ್ಟದ್ದನ್ನು ಹೇಳು ಎಂದು ಮೇಲಧಿಕಾರಿ ಅಂತೋಣಿಯವರಿಗೆ ಆಜ್ಞೆ ಮಾಡಿದರು. ಅವರು ಬಾಯಿ ತೆರೆದಾಗ ಸಭೆಗೆ ಆಶ್ಚರ್ಯ. ಮುಂದೆ ಸಂತ ಫ್ರಾನ್ಸಿಸರೇ ತಮ್ಮ ಸಹೋದರರಿಗೆ ದೈವಶಾಸ್ತ್ರ ಕಲಿಸಲು ಅವರಿಗೆ ಪತ್ರ ಮುಖೇನ ಅನುಮತಿ ಕೊಟ್ಟರು. 1231ರ ಜೂನ್ 13ರಂದು ಅವರು ದೈವಾಧೀನರಾದರು. ಒಂದು ವರ್ಷ ತುಂಬುವ ಮೊದಲೇ ಧರ್ಮಸಭೆ ಅವರನ್ನು ಸಂತರೆಂದು ಸಾರಿತು. 1946ರಲ್ಲಿ ಧರ್ಮಸಭೆಯ ಪಂಡಿತರೆಂಬ ಬಿರುದು ನೀಡಿತು.

ಇಲ್ಲಿ ಗಮನಿಸಬೇಕಾದ ಅಂಶಗಳುಂಟು. ತಮ್ಮ ವರದಾನ ಯಾವುದೆಂದು ಅಂತೋಣಿಯವರು ಒಬ್ಬರೇ ಕುಳಿತು ಯೋಚಿಸಿ ಕಂಡುಕೊಳ್ಳಲಿಲ್ಲ. ಸಮುದಾಯಕ್ಕೆ ಅಗತ್ಯ ಬಿತ್ತು, ಒಬ್ಬರು ಕರೆದರು, ಇವರು ವಿಧೇಯರಾದರು, ಕೇಳಿದವರು ಗುರುತಿಸಿದರು. ಮಠದಲ್ಲಿ ಮಾಡಿದ್ದ ಓದು ವ್ಯರ್ಥವಾಗಲಿಲ್ಲ. ವರದಾನಕ್ಕೂ ತಯಾರಿ ಬೇಕು. ಆ ಮೇಲಧಿಕಾರಿ ಅಂದು ‘ಅಡುಗೆಮನೆಯ ಸಹೋದರನಿಗೆ ಇದೆಲ್ಲ ಯಾಕೆ’ ಎಂದುಕೊಂಡಿದ್ದರೆ? ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟೋ ಬಾರಿ ಹೀಗೆಯೇ ಆಗುತ್ತಿದೆ. ವಾಚನ ಓದಲು ಅದೇ ನಾಲ್ಕು ಜನ, ಪಾಲನಾ ಸಮಿತಿಗೆ ಅದೇ ಮನೆತನದವರು, ಹಬ್ಬದ ಕುರ್ಚಿ ಎತ್ತಲು ಮಾತ್ರ ಬಡವರು.

ಮಹಾಸಭೆಯಲ್ಲಿ ನಡೆದ ಚರ್ಚೆ

ವರದಾನಗಳು ಆದಿ ಕ್ರೈಸ್ತರ ಕಾಲಕ್ಕೆ ಸೇರಿದ ಮಾತು ಎಂಬ ಭಾವನೆ ಬಹುಕಾಲ ಇತ್ತು. ದ್ವಿತೀಯ ವ್ಯಾಟಿಕನ್ ಮಹಾಸಭೆಯಲ್ಲಿ 1963ರ ಅಕ್ಟೋಬರ್‌ನಲ್ಲಿ ಕಾರ್ಡಿನಲ್ ರುಫೀನಿಯವರು ಇದೇ ಅಭಿಪ್ರಾಯ ಮಂಡಿಸಿದರು. ಬೆಲ್ಜಿಯಂ ದೇಶದ ಕಾರ್ಡಿನಲ್ ಸ್ಯೂನೆನ್ಸ್ ಅಕ್ಟೋಬರ್ 22ರಂದು ಎದ್ದು ನಿಂತು ಅದಕ್ಕೆ ಉತ್ತರ ಕೊಟ್ಟರು. ವರದಾನಗಳಿಲ್ಲದ ಧರ್ಮಸಭೆ ಬಡವಾಗುತ್ತದೆ, ಪ್ರತಿಯೊಂದು ಧರ್ಮಕೇಂದ್ರದಲ್ಲೂ ಶ್ರೀಸಾಮಾನ್ಯರಲ್ಲಿ ಅವು ಇವೆ ಎಂಬುದು ಅವರ ವಾದದ ಸಾರ. 1964ರ ಧರ್ಮಸಭೆಯ ಕುರಿತ ಸಂವಿಧಾನದ 12ನೇ ಪರಿಚ್ಛೇದದಲ್ಲಿ ಸ್ಯೂನೆನ್ಸ್‌ರವರ ನಿಲುವು ಸ್ಥಾನ ಪಡೆಯಿತು: ಪವಿತ್ರಾತ್ಮರು ಎಲ್ಲ ಅಂತಸ್ತಿನ ವಿಶ್ವಾಸಿಗಳಿಗೂ ವರದಾನಗಳನ್ನು ಹಂಚುತ್ತಾರೆ, ಅಸಾಧಾರಣವಾದವನ್ನು ದುಡುಕಿ ಬಯಸಬಾರದು, ಅವುಗಳ ನೈಜತೆಯನ್ನು ಪರೀಕ್ಷಿಸುವ ಹೊಣೆ ಸಭಾಪಾಲಕರದ್ದು, ಆದರೆ ಆತ್ಮರನ್ನು ನಂದಿಸುವುದು ಅವರ ಕೆಲಸವಲ್ಲ. ಮರುವರ್ಷ ಶ್ರೀಸಾಮಾನ್ಯರ ಪ್ರೇಷಿತಕಾರ್ಯದ ಕುರಿತ ದಾಖಲೆ ಒಂದು ಹೆಜ್ಜೆ ಮುಂದೆ ಹೋಗಿ, ವರದಾನವನ್ನು ಪಡೆದವನಿಗೆ ಅದನ್ನು ಬಳಸುವ ಹಕ್ಕೂ ಇದೆ, ಕರ್ತವ್ಯವೂ ಇದೆ ಎಂದಿತು. ಹಕ್ಕು ಎಂಬ ಪದ ಅಲ್ಲಿದೆ ಎಂಬುದನ್ನು ಗುರುಗಳಾದ ನಾವು ಬೇಗ ಮರೆಯುತ್ತೇವೆ.

1967ರಲ್ಲಿ ಅಮೆರಿಕದಲ್ಲಿ ಆರಂಭವಾದ ಕಥೋಲಿಕ ವರದಾನ ನವೀಕರಣ ಚಳವಳಿ 1970ರ ದಶಕದಲ್ಲಿ ಭಾರತಕ್ಕೂ ಬಂತು. ಮುರಿಂಗೂರು, ಮೂಲ್ಕಿಗಳ ಧ್ಯಾನಕೇಂದ್ರಗಳು ಕರಾವಳಿಯವರಿಗೆ ಪರಿಚಿತ. ಅವುಗಳಿಂದ ಅನೇಕರ ಪ್ರಾರ್ಥನಾ ಜೀವನ ಚಿಗುರಿದೆ. ಆದರೆ ಧ್ಯಾನಕೂಟದಲ್ಲಿ ಮೂರು ದಿನ ಕೈಯೆತ್ತಿ ಸ್ತುತಿಸಿ, ಊರಿಗೆ ಬಂದ ಮೇಲೆ ವಾರ್ಡಿನ ಸಭೆಗೂ ಬಾರದಿದ್ದರೆ ಆ ಸಂಭ್ರಮ ಸಮುದಾಯಕ್ಕೆ ತಲುಪಿದಂತಾಗಲಿಲ್ಲ.

ಚಿಕ್ಕ ಸಮುದಾಯಗಳ ಪರಿಸ್ಥಿತಿ

ಮೈಸೂರು, ಮಂಡ್ಯ, ಚಾಮರಾಜನಗರ, ಕೊಡಗು ಈ ನಾಲ್ಕು ಜಿಲ್ಲೆಗಳು ಮೈಸೂರು ಧರ್ಮಕ್ಷೇತ್ರಕ್ಕೆ ಸೇರಿವೆ. ಕರಾವಳಿಯಂತೆ ನೂರಾರು ಮನೆಗಳ ಧರ್ಮಕೇಂದ್ರ, ವಾರ್ಡಿಗೊಬ್ಬ ಗುರ್ಕಾರ, ಭಾನುವಾರ ಮೂರು ಪೂಜೆ ಎಂಬ ಅನುಕೂಲ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಕಡೆ ಇಲ್ಲ. ಕುಟುಂಬಗಳು ಚದುರಿಕೊಂಡಿವೆ. ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ಬ್ಯಾರನ್ ಬೆಂಕಿಯನ್ನು ರಾತ್ರಿಯೂ ನೋಡಿಕೊಳ್ಳಬೇಕಾದ ರೈತನಿಗೆ ಭಾನುವಾರವೂ ಒಂದೇ, ಸೋಮವಾರವೂ ಒಂದೇ. ಇಂಥ ಕಡೆ ಜಪಸರ ನಡೆಸುವ ಒಬ್ಬ ಅಜ್ಜಿ, ಮಕ್ಕಳನ್ನು ಸೇರಿಸಿ ಧರ್ಮೋಪದೇಶ ಹೇಳುವ ಒಬ್ಬ ಉಪದೇಶಿ, ಸಾವಿನ ಮನೆಗೆ ಮೊದಲು ಓಡಿ ಬರುವ ಒಬ್ಬ ಯುವಕ ಇದ್ದರೆ ಆ ಊರಲ್ಲಿ ಧರ್ಮಸಭೆ ಇದೆ. ಆ ಅಜ್ಜಿಯ ನಂತರ ಯಾರು ಎಂದು ಕೇಳುವವರಿಲ್ಲದಿದ್ದರೆ ಒಂದು ತಲೆಮಾರಿನಲ್ಲಿ ಎಲ್ಲವೂ ಮುಗಿಯುತ್ತದೆ.

ಇತಿಹಾಸದಲ್ಲೂ ಇದಕ್ಕೆ ಸಾಕ್ಷಿಯಿದೆ. 1784ರಿಂದ 1799ರವರೆಗೆ ನಮ್ಮ ಪೂರ್ವಜರು ಶ್ರೀರಂಗಪಟ್ಟಣದಲ್ಲಿ ಸೆರೆಯಲ್ಲಿದ್ದಾಗ ಕರಾವಳಿಯ ಗುರುಗಳನ್ನು ಹೊರಗಟ್ಟಲಾಗಿತ್ತು. ಹಾಗಿದ್ದರೂ ವಿಶ್ವಾಸ ಉಳಿಯಿತೆಂದರೆ ಅದನ್ನು ಮನೆಯೊಳಗೆ ಹೊತ್ತವರು ತಾಯಂದಿರು, ಹಿರಿಯರು. 1799ರ ನಂತರ ಬಂದು ಚದುರಿದ ಸಮುದಾಯವನ್ನು ಒಟ್ಟುಗೂಡಿಸಿದ ಫ್ರೆಂಚ್ ಗುರು ಅಬ್ಬೆ ದುಬಾಯ್ ಕೇವಲ ಪೂಜೆ ಮಾಡಿ ಕೂರಲಿಲ್ಲ. ಸಟ್ಟಿಹಳ್ಳಿಯಲ್ಲಿ ಬಡವರಿಗಾಗಿ ಕೃಷಿ ನೆಲೆ ಕಟ್ಟಿದರು, ಸಿಡುಬಿನ ಲಸಿಕೆ ಹಾಕಿಸಲು ಊರೂರು ಸುತ್ತಿದರು. ಕರಾವಳಿಯಲ್ಲಿ 1880ರಲ್ಲಿ ಫಾದರ್ ಮುಲ್ಲರ್ ಔಷಧಿ ಹಂಚತೊಡಗಿದಾಗಲೂ ಆಸ್ಪತ್ರೆಯ ಯೋಜನೆ ಯಾರ ಮುಂದೆಯೂ ಇರಲಿಲ್ಲ, ರೋಗಿಗಳು ಇದ್ದರು.

ಬೈಲಕುಪ್ಪೆಯ ದಾರಿಯಲ್ಲಿ ನಿಂತವರಿಗೆ ಇನ್ನೊಂದು ದೃಶ್ಯ ಕಾಣುತ್ತದೆ. 1963ರಲ್ಲಿ ಪೆನೋರ್ ರಿಂಪೋಚೆಯವರು ಸ್ಥಾಪಿಸಿದ ನಾಮ್‌ಡ್ರೋಲಿಂಗ್ ಮಠದಲ್ಲಿ ನಮ್ಮವರು ಚಿನ್ನದ ಪ್ರತಿಮೆಗಳ ಫೋಟೊ ತೆಗೆದು ಹೊರಡುತ್ತಾರೆ. ಟಿಬೆಟಿಯನ್ ಮಠಗಳಲ್ಲಿ ಮಂತ್ರಪಠಣವನ್ನು ಮುನ್ನಡೆಸುವ ‘ಉಮ್ಜೆ’ ಬೇರೆ, ಶಿಸ್ತು ನೋಡಿಕೊಳ್ಳುವವರು ಬೇರೆ, ಅಡುಗೆಮನೆಯವರು ಬೇರೆ. ಅವರ ಧರ್ಮ ಬೇರೆ, ನಮ್ಮ ವರದಾನದ ಬೋಧನೆ ಬೇರೆ; ಆದರೂ ಯಾರಿಗೆ ಯಾವ ಕೆಲಸ ಒಪ್ಪುತ್ತದೆ ಎಂದು ನೋಡಿ ಜವಾಬ್ದಾರಿ ಹಂಚುವ ಆ ಗಮನ ನಮಗೂ ಬೇಕು.

ಪರೀಕ್ಷಿಸುವುದು ಹೇಗೆ?

ಅಮೆರಿಕದಲ್ಲಿ 1990ರ ದಶಕದಿಂದ ಕಥೋಲಿಕ ಧರ್ಮಕೇಂದ್ರಗಳಲ್ಲಿ ಪ್ರಶ್ನಾವಳಿ ಕೊಟ್ಟು ವರದಾನ ಗುರುತಿಸುವ ಶಿಬಿರಗಳು ನಡೆಯುತ್ತಿವೆ. ಪ್ರಶ್ನಾವಳಿ ಆರಂಭಕ್ಕೆ ಸಹಾಯಕ. ಅಂಕ ಕೂಡಿಸಿ ‘ನನಗೆ ನಾಯಕತ್ವದ ವರ ಬಂದಿದೆ’ ಎಂದು ಸಾರುವುದಕ್ಕಲ್ಲ. ವರದಾನ ತಿಳಿಯುವುದು ಕೆಲಸ ಮಾಡಿದಾಗ. ಆರು ತಿಂಗಳು ರೋಗಿಗಳ ಭೇಟಿಗೆ ಹೋಗಿ ನೋಡಿ. ಆಯಾಸದಲ್ಲೂ ಒಳಗೆ ಒಂದು ನೆಮ್ಮದಿ ಉಳಿಯುತ್ತದೆಯೇ? ರೋಗಿಗೆ ನೀವು ಮತ್ತೆ ಬರಬೇಕೆನಿಸುತ್ತದೆಯೇ? ನಿಮ್ಮನ್ನು ಬಲ್ಲವರು, ಮುಖಸ್ತುತಿ ಮಾಡದವರು, ಇದು ನಿಮ್ಮ ಕೆಲಸ ಎನ್ನುತ್ತಾರೆಯೇ? ಮೂರಕ್ಕೂ ಇಲ್ಲ ಎಂಬ ಉತ್ತರ ಬಂದರೆ ನಾಚಿಕೆಪಡದೆ ಬೇರೆ ಸೇವೆ ಹುಡುಕಬಹುದು. ಅಂತೋಣಿಯವರಿಗೂ ಮೊರಾಕ್ಕೊ ಇಲ್ಲ ಎಂದಿತು.

ಎಚ್ಚರಿಕೆಯ ಮಾತೂ ಬೇಕು. ವರದಾನವಿದ್ದ ಮಾತ್ರಕ್ಕೆ ಮನುಷ್ಯ ಪವಿತ್ರನಲ್ಲ. ಪ್ರಭುವಿನ ಹೆಸರಿನಲ್ಲಿ ಪ್ರವಾದನೆ ಮಾಡಿದವರನ್ನೂ ಅವರು ಅರಿಯೆನೆನ್ನುವ ಮಾತು ಮತ್ತಾಯರ ಶುಭಸಂದೇಶದ 7ನೇ ಅಧ್ಯಾಯದಲ್ಲಿದೆ. ಸಂತ ತೋಮಸ್ ಅಕ್ವಿನಾಸರು ನಮ್ಮನ್ನು ಪವಿತ್ರಗೊಳಿಸುವ ಕೃಪೆಯನ್ನೂ ಪರರ ಸಹಾಯಕ್ಕೆ ಕೊಡುವ ಕೃಪೆಯನ್ನೂ ಬೇರೆ ಬೇರೆಯಾಗಿ ಹೇಳಿದ್ದು ಇದಕ್ಕೇ. ಆದ್ದರಿಂದ ಹಣ ಕೇಳುವ ವರದಾನ, ವೈದ್ಯರ ಔಷಧಿ ನಿಲ್ಲಿಸಲು ಹೇಳುವ ವರದಾನ, ಗುರುಗಳ ಅಥವಾ ಸಮುದಾಯದ ಪ್ರಶ್ನೆಗೆ ಸಿಟ್ಟಾಗುವ ವರದಾನ ಇವುಗಳಿಂದ ದೂರವಿರಬೇಕು. ಆತ್ಮಿಕ ಬೆಳವಣಿಗೆಯ ಅಳತೆಗೋಲು ಗಲಾತ್ಯರಿಗೆ ಬರೆದ ಪತ್ರದ ಫಲಗಳೇ. ಉತ್ತಮ ಬೋಧಕ ಮನೆಯಲ್ಲಿ ಹೆಂಡತಿಯೊಂದಿಗೆ ಹೇಗೆ ಮಾತಾಡುತ್ತಾನೆ ಎಂಬುದನ್ನೂ ನೋಡಬೇಕಾಗುತ್ತದೆ.

2021ರ ಜನವರಿಯಲ್ಲಿ ವಿಶ್ವಗುರು ಫ್ರಾನ್ಸಿಸ್‌ರವರು ವಾಚಕ ಮತ್ತು ಪೀಠಸೇವಕ ಸ್ಥಾನಗಳನ್ನು ಸ್ತ್ರೀಯರಿಗೂ ಅಧಿಕೃತವಾಗಿ ತೆರೆದರು. ಅದೇ ಮೇ ತಿಂಗಳಲ್ಲಿ ಉಪದೇಶಿಯ ಸೇವೆಯನ್ನು ಧರ್ಮಸಭೆಯ ಸ್ಥಿರ ಸೇವೆಯಾಗಿ ಸ್ಥಾಪಿಸಿದರು. ಕಾಗದದ ಮೇಲೆ ದಾರಿ ಸಿದ್ಧವಾಗಿದೆ. ಜೂನ್ 13ರ ಮುಂಚಿನ ನವದಿನಗಳಲ್ಲಿ ಪ್ರತಿ ಧರ್ಮಕೇಂದ್ರವೂ ಒಂದು ಸಂಜೆಯನ್ನು ಇದಕ್ಕೆ ಮೀಸಲಿಡಬಹುದು. ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ತಮ್ಮ ಹೆಸರನ್ನಲ್ಲ, ಪಕ್ಕದ ಮನೆಯವರ ಹೆಸರನ್ನೂ ಅವರಲ್ಲಿ ತಾವು ಕಂಡ ವರದಾನವನ್ನೂ ಬರೆದು ಪೆಟ್ಟಿಗೆಗೆ ಹಾಕಲಿ. ಗುರುಗಳು ಅವನ್ನು ಓದಿ, ಇದುವರೆಗೆ ಯಾವ ಸಮಿತಿಯಲ್ಲೂ ಇಲ್ಲದವರ ಮನೆಗೆ ಮೊದಲು ಹೋಗಲಿ.